ಜಡೆಗೆ ಎರಡು, ಕಿವಿಗೆ ಮೂರು

"ಕೊನೇ ಲೆಕ್ಕಕ್ಕೆ ಎಷ್ಟನೇ ಉತ್ತರ ಹಾಕ್ದೆ?" ಎಂದು ಹುಡುಗಿಯರೆಲ್ಲ ಮುತ್ತಿಕೊಂಡಾಗ ಅಕ್ಕ, ಅಂದರೆ ಪುಟ್ಟಿಯ ದೊಡ್ಡಪ್ಪನ ಮಗಳು, ತನ್ನ ಪ್ರಶ್ನೆಪತ್ರಿಕೆಯನ್ನೇ ಬಿಡಿಸಿ ಹಿಡಿದಳು. ಅವಳ ಗುರುತು ಎರಡನೆಯ ಉತ್ತರದ ಮೇಲಿತ್ತು. "ಅದೇ ಸರಿ," ಎಂದರು ಗಣಿತದ ಮೇಷ್ಟ್ರು.

ಪುಟ್ಟಿ ಬಗ್ಗಿ ಆ ಗುರುತನ್ನೇ ಮತ್ತೊಮ್ಮೆ ನೋಡಿದಳು. ಜಡೆ ಮುಟ್ಟಿದರೆ ಎರಡು, ಕಿವಿ ತುರಿಸಿಕೊಂಡರೆ ಮೂರು ಎಂದು ಸನ್ನೆ ಕಲಿಸಿದವಳೇ ಅಕ್ಕ. ಇಬ್ಬರೂ ಕಣ್ಣಿಟ್ಟಿದ್ದ ಕಾಲೇಜಿನಲ್ಲಿ ಉಚಿತ ಸೀಟು ಇದ್ದುದು ಒಂದೇ. ಆದರೂ ಪರೀಕ್ಷೆಯ ಹೊತ್ತು ಮುಂದಿನ ಬೆಂಚಿನಲ್ಲಿ ಅಕ್ಕ ಕಿವಿ ತುರಿಸಿಕೊಂಡದ್ದೇ ತಡ, ಪುಟ್ಟಿ ತಾನು ಗುರುತಿಸಿದ್ದ ಎರಡನೆಯ ಉತ್ತರವನ್ನು ರಬ್ಬರಿನಿಂದ ಉಜ್ಜಿ ಮೂರನೆಯದಕ್ಕೆ ಗುರುತು ಹಾಕಿದ್ದಳು.

"ಅಕ್ಕಾ, ನೀನು ಕಿವಿ ತುರಿಸ್ಕೊಂಡ್ಯಲ್ಲೇ?"

ಅಕ್ಕ ಪತ್ರಿಕೆಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿದಳು. "ಯಾಕೇ, ಕಿವಿ ತುರಿಸ್ಕೊಳ್ಳೋಕೂ ನಿನ್ನ ಪರ್ಮಿಷನ್ ಬೇಕಾ?"