ಬೂದು ಹಸು ಎಲ್ಲಿದೆ?

ಲೆಕೂಪೆ ತನ್ನ ದನ ಹೊಡೆದುಕೊಂಡು ಬರುವಷ್ಟರಲ್ಲಿ ಗುಡ್ಡದ ಹಿಂದಿನ ಹುಲ್ಲಿನ ತುಂಬ ಬೇರೆಯವರ ದನಗಳಿದ್ದವು. ಆ ಜಾಗ ಅವನ ಹೆಂಡತಿಗೂ ಗೊತ್ತಿರಲಿಲ್ಲ. ಮಳೆ ಬರುವ ತನಕ ದನಗಳ ಜೀವ ಹಿಡಿದಿಡಲು ಅವನಿಗಿದ್ದದ್ದು ಅದೊಂದೇ. ಈಗ ಅಲ್ಲಿ ಬೇರೂ ಉಳಿಯುವಂತಿರಲಿಲ್ಲ.

"ನಿಂಗ್ಯಾರೋ ಹೇಳಿದ್ದು?" ಎಂದು ಅಲ್ಲೇ ದನ ಮೇಯಿಸುತ್ತಿದ್ದ ಭಾಮೈದನನ್ನು ಕೇಳಿದ.

"ನಿನ್ನ ಬೂದು ಹಸುನೇ ನಿನ್ನೆ ಹೇಳ್ತಲ್ಲ ಭಾವ," ಎಂದು ಅವನು ಮೊಬೈಲು ತೋರಿಸಿದ.

ಸಂಬೂರು ಸೀಮೆಯಲ್ಲಿ ದನ ಎಲ್ಲಿ ಮೇಯುತ್ತಿವೆ ಎಂದು ಯಾರಾದರೂ ಕೇಳಿದರೆ ಗದ್ದ ಎತ್ತಿ ಹುಲ್ಲಿಲ್ಲದ ದಿಕ್ಕನ್ನು ತೋರಿಸಬೇಕು. ಕೇಳಿದವನು ತಲೆಯಾಡಿಸಿ ಬೇರೆ ಮಾತೆತ್ತಬೇಕು. ಅದೇ ಮರ್ಯಾದೆ. ಮರಲಾಲ್ ಪೇಟೆಯ ಆಫೀಸಿನಲ್ಲಿ ಕೂತ ಇಂಜಿನಿಯರ್ ಮುಸ್ಯೋಕಿಗೆ ಇದು ಗೊತ್ತಿರಲಿಲ್ಲ. ಕೇಳುವ ಬುದ್ಧಿಯೂ ಬಂದಿರಲಿಲ್ಲ. ಕಳುವಾದ ದನ ಪತ್ತೆ ಹಚ್ಚುತ್ತದೆ ಎಂದು ಮನೆಗೊಂದು ಹಸುವಿನ ಕೊರಳಿಗೆ ಪಟ್ಟಿ ಕಟ್ಟಿ ಹೋಗಿದ್ದ. ಹಸು ಒಂದೇ ಕಡೆ ಹೆಚ್ಚು ಹೊತ್ತು ನಿಂತರೆ ಅಲ್ಲಿ ಹುಲ್ಲಿದೆ ಎಂದು ಪಟ್ಟಿಯೇ ಊಹಿಸಿ, ಪಟ್ಟಿ ಕಟ್ಟಿಸಿಕೊಂಡ ನಲವತ್ತು ಮನೆಗಳ ಗುಂಪಿನ ಎಲ್ಲರ ಮೊಬೈಲಿಗೂ ಡಂಗುರ ಹೊಡೆಯುತ್ತಿತ್ತು. ಅದನ್ನು ಅವನು ಉಪಕಾರವೆಂದು ಬೇರೆ ಸೇರಿಸಿದ್ದ.

ಮರುದಿನ ಹೊಗಳಿಸಿಕೊಳ್ಳಲು ಮುಸ್ಯೋಕಿ ಜೀಪಿನಲ್ಲಿ ಬಂದ. "ನೋಡಿದ್ರಾ ಅಜ್ಜ? ನಲವತ್ತು ಮೊಬೈಲಿಗೂ ಒಂದೇ ಗಳಿಗೇಲಿ ಸುದ್ದಿ ಮುಟ್ಟಿದೆ. ಒಂದೂ ತಪ್ಪಿಲ್ಲ."

"ನನ್ನ ಹುಲ್ಲು ಹೋಯ್ತಲ್ಲಪ್ಪ."

"ಹುಲ್ಲು ಎಲ್ಲಾರ್ದೂ ಅಲ್ವಾ? ಗುಂಪು ಅಂದ್ಮೇಲೆ ಗುಟ್ಟಿರಬಾರ್ದು ಅಜ್ಜ."

"ದೊಡ್ಡ ಮಾತಾಡ್ದೆ ಬಿಡು," ಎಂದ ಲೆಕೂಪೆ. ಇಷ್ಟೆಲ್ಲ ಓದಿ ಇಷ್ಟು ದಡ್ಡನಾಗಿರಲು ಸಾಧ್ಯವೇ ಎಂದು ಅವನಿಗೆ ಹೇಸಿಗೆಯಾಯಿತು. ಮುಸ್ಯೋಕಿ ಹಾಲಿನ ಚಹಾ ಹೀರುತ್ತ ನೆರೆದವರಿಗೆ ಭಾಷಣ ಬಿಗಿಯುತ್ತಿದ್ದಾಗ, ಲೆಕೂಪೆ ಬೂದು ಹಸುವಿನ ಕೊರಳಿನ ಪಟ್ಟಿ ಬಿಚ್ಚಿ ಜೀಪಿನ ಸ್ಟೆಪ್ನಿಗೆ ಬಿಗಿಯಾಗಿ ಕಟ್ಟಿದ.

ಮಾರನೆಯ ಬೆಳಿಗ್ಗೆ ನಲವತ್ತು ಮೊಬೈಲುಗಳು ಒಟ್ಟಿಗೇ ಗುಂಯ್‌ಗುಟ್ಟಿದವು. ಬೂದು ಹಸು ನಿನ್ನೆ ಸಂಜೆಯಿಂದ ನಿಂತಲ್ಲೇ ನಿಂತಿದೆ, ಹುಲ್ಲು ಹುಲುಸಾಗಿದೆ, ಜಾಗ ಮರಲಾಲ್ ಪೇಟೆ. ಪಟ್ಟಿ ಹೇಳಿದ್ದು ಸುಳ್ಳೇನಲ್ಲ. ಆಫೀಸಿನ ಮುಂದೆ ದಿನಕ್ಕೆರಡು ಸಲ ನೀರು ಕುಡಿದು ಕೊಬ್ಬಿದ ಹುಲ್ಲುಹಾಸಿತ್ತು.

ಮಧ್ಯಾಹ್ನ ಮುಸ್ಯೋಕಿ ಊಟ ಬಿಟ್ಟು ಹೊರಗೆ ಓಡಿ ಬಂದಾಗ ಗೇಟು ನೆಲಕ್ಕೆ ಮಲಗಿತ್ತು. ಜೀಪಿನ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ದನ. ನಡುವೆ ಲೆಕೂಪೆ ಕೋಲೂರಿ ಒಂಟಿ ಕಾಲಲ್ಲಿ ನಿಂತಿದ್ದ. ಬೂದು ಹಸು ಬಾಗಿಲ ಬಳಿಯ ಹೂಗಿಡವನ್ನು ಅರ್ಧ ಮುಗಿಸಿತ್ತು.

"ಅಜ್ಜ, ಏನಿದು ಅನ್ಯಾಯ? ಈ ದನಾನೆಲ್ಲ ಇಲ್ಲಿಗ್ಯಾಕೆ ತಂದ್ರಿ?"

ಲೆಕೂಪೆ ಗದ್ದ ಎತ್ತಿ ದೂರದ ಬೋಳುಗುಡ್ಡದ ಕಡೆ ತೋರಿಸಿದ.

"ಇಲ್ಲೆಲ್ಲಿವೆ ಮಗಾ ದನ? ಅಲ್ಲಿ ಮೇಯ್ತಿವೆ, ಗುಡ್ಡದ ಹಿಂದೆ."