ಕಿಟಕಿಯ ತಪಸ್ವಿ

"ಮುಟ್ಟಿದ್ರೆ ಕೈ ಮುರೀತೀನಿ," ಎಂದ ಚಿತ್ರಗಾರ.

ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮನ ಚಿತ್ರಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸಿ, ವರ್ಷದ ಪ್ರಕಾರ ನೆಲದ ಮೇಲೆ ಜೋಡಿಸಿದಳು. ಒಟ್ಟು ಇಪ್ಪತ್ತೆರಡು. ಎಲ್ಲದರಲ್ಲೂ ಕಿಟಕಿಯಾಚೆಯ ಅದೇ ಮುದಿ ಮರ. ಮರಗಳ ತಪಾಸಣೆಯ ಅಧಿಕಾರಿ ಕಡತ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅಕ್ಕನ ಮನೆ ಮರದ ಬಲಕ್ಕೆ, ಪಕ್ಕದಲ್ಲೇ. ಮರ ಬಿದ್ದರೆ ಮೊಮ್ಮಗಳ ತೊಟ್ಟಿಲ ಮೇಲೇ ಎಂದು ಅವಳಿಗೆ ದಿಗಿಲು. ಮೂರು ಸಲ ಅರ್ಜಿ ಹಾಕಿದ್ದಳು. ಅಧಿಕಾರಿಯದು ಒಂದೇ ರಾಗ: "ಡೊಂಕಾಗಿ ಕಾಣುತ್ತೆ ಅಂತ ಮರಕ್ಕೆ ನಾವು ಕೈ ಹಾಕಲ್ಲಮ್ಮ. ವರ್ಷದಿಂದ ವರ್ಷಕ್ಕೆ ವಾಲ್ತಿದೆ ಅನ್ನೋದಕ್ಕೆ ಪುರಾವೆ ಬೇಕು."

"ತಗೊಳ್ಳಿ ಪುರಾವೆ," ಎಂದಳು ಈಗ.

ಮೊದಲ ಚಿತ್ರದಲ್ಲಿ ಮರ ನೆಟ್ಟಗಿತ್ತು. ಹತ್ತನೆಯದರಲ್ಲಿ ತುಸು ಬಲಕ್ಕೆ. ಕೊನೆಯದರಲ್ಲಿ ಯಾರ ಕಣ್ಣಿಗಾದರೂ ಹೊಡೆಯುವಷ್ಟು.

ಚಿತ್ರಗಾರನಿಗೆ ಆ ಮರ ತಪಸ್ವಿ. ಸೆಟೆದು ನಿಂತಿದ್ದದ್ದು ವಯಸ್ಸಾದಂತೆ ಬಾಗುವುದನ್ನು ಕಲಿಯಿತು, ಅದೇ ನನ್ನ ಗುರು ಎನ್ನುತ್ತಿದ್ದ. ಶಿಷ್ಯ ಮಾತ್ರ ಯಾರಿಗೂ ಬಗ್ಗಿದವನಲ್ಲ. ಒಡಹುಟ್ಟಿದ ಅಕ್ಕನ ಜೊತೆಗೇ ಮಾತು ಬಿಟ್ಟು ಆರು ವರ್ಷವಾಗಿತ್ತು. ವರ್ಷಕ್ಕೊಂದು ಚಿತ್ರ. ಅದೇ ಕುರ್ಚಿ, ಅದೇ ಕಿಟಕಿ. ಕ್ಯಾನ್ವಾಸಿನ ಅಂಚನ್ನು ಕಿಟಕಿಯ ಚೌಕಟ್ಟಿಗೆ ಸರಿಹೊಂದಿಸಿಕೊಂಡು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದ. ಕಿಟಕಿಯ ತುಂಬ ಮರವೇ. ಆಚೆಗೆ ಬೇರೇನೂ ಕಾಣುತ್ತಿರಲಿಲ್ಲ.

ಅಧಿಕಾರಿ ಕೇಳಿದರು: "ಸಾರ್, ಈ ವಾಲಿರೋದು ನಿಮ್ಮ ಕಲ್ಪನೆನಾ? ಹೌದು ಅಂದ್ರೆ ಕಡತ ಇಲ್ಲೇ ಮುಚ್ತೀನಿ."

ಒಂದೇ ಒಂದು ಸುಳ್ಳು ಸಾಕಿತ್ತು, ಮರ ಉಳಿಯುತ್ತಿತ್ತು. ಮೇಜಿನ ಮೇಲಿನ ಕುಂಚ ಉರುಳಿ ಕೆಳಗೆ ಬಿದ್ದು, ಎಂದಿನಂತೆ ಎಡಮೂಲೆ ಸೇರಿತು. ಯಾರೂ ಎತ್ತಲಿಲ್ಲ.

"ಹೇಳೋ," ಎಂದಳು ಅಕ್ಕ. ತಮ್ಮನ ನಾಡಿ ಅವಳಿಗೆ ಗೊತ್ತಿತ್ತು. "ಇಷ್ಟು ವರ್ಷ ಬರೆದಿದ್ದೆಲ್ಲ ಸುಳ್ಳು ಅಂತ ಹೇಳ್ಬಿಡು."

ಅವನ ಮುಖ ಕೆಂಪೇರಿತು. "ನನ್ನ ಕೈ ಒಂದು ಎಲೆನೂ ಸುಳ್ಳು ಬರೆದಿಲ್ಲ."

ಅಧಿಕಾರಿ ಸಹಿ ಹಾಕಿದರು. ಹೊರಡುವಾಗ ಅಕ್ಕ ಬಾಗಿಲು ಎಳೆದಳು. ಅದು ಚೌಕಟ್ಟಿಗೆ ಕೂರಲಿಲ್ಲ.

"ನಿನ್ನ ಬಾಗಿಲೂ ನಿನ್ನ ಥರಾನೇ. ಯಾವುದಕ್ಕೂ ಹೊಂದಲ್ಲ."

ಮರುದಿನ ಗರಗಸ ಬಂತು. ಸಂಜೆಗೆ ಮರ ನೆಲ ಕಂಡಿತು. ಮರ ಕಡಿಯುವವನು ಬುಡದ ಸುತ್ತ ಮಣ್ಣು ಕೆದಕಿ ನೋಡಿ ಹುಬ್ಬು ಗಂಟಿಕ್ಕಿದ.

"ಬುಡ ಕಲ್ಲಿನ ಹಾಗಿದೆ ಸಾರ್. ಬೇರು ಒಂದಿಂಚೂ ಕದಲಿಲ್ಲ. ಇದು ವಾಲ್ತಿತ್ತು ಅಂತ ಯಾರು ಹೇಳಿದ್ದು?"

ಚಿತ್ರಗಾರ ಒಳಗೆ ಬಂದು ತನ್ನ ಕುರ್ಚಿಯಲ್ಲಿ ಕುಳಿತ. ಅಕ್ಕನ ಮೇಲಿನ ದ್ವೇಷ ಇನ್ನೂ ಆರಿರಲಿಲ್ಲ. ಆದರೂ ಕುಂಚ ಹಿಡಿದು ಕಿಟಕಿಯತ್ತ ನೋಡಿದ. ಮರದ ಹಿಂದೆ ಇಷ್ಟು ವರ್ಷ ಮರೆಯಾಗಿದ್ದ ಬೀದಿದೀಪದ ಕಂಬ, ನೀರಿನ ಟ್ಯಾಂಕು, ಎದುರು ಮನೆಯ ಗೋಡೆ, ಮೂರೂ ಚೌಕಟ್ಟಿನೊಳಗೆ ಕಂಡವು. ಮೂರೂ ಬಲಕ್ಕೆ ವಾಲಿದ್ದವು, ಅವನ ಕೊನೆಯ ಚಿತ್ರದ ಮರ ವಾಲಿದ್ದಷ್ಟೇ.

ಕೈಯಿಂದ ಜಾರಿದ ಕುಂಚ ಉರುಳುತ್ತ ಎಡಮೂಲೆಗೆ ಹೋಗಿ ನಿಂತಿತು.

ಇಪ್ಪತ್ತೆರಡು ವರ್ಷಗಳಿಂದ ಸದ್ದಿಲ್ಲದೆ ವಾಲುತ್ತ ಬಂದದ್ದು ಅವನ ಮನೆ.