ತಂಪು ಮನೆಯಲ್ಲಿ ಒಬ್ಬರಿಗೆ ಜಾಗ

ಕಲಬುರಗಿಯ ಹೊಸ ಬಡಾವಣೆಯ ತಂಪು ಮನೆಗಳು ಒಳಗಿರುವವರ ಮೈಬಿಸಿಯನ್ನು ಎಣಿಸುತ್ತವೆ. ನಾಲ್ವರಿಗಿಂತ ಹೆಚ್ಚು ಜನ ಸೇರಿದರೆ ಕರೆಂಟು ಜಾಸ್ತಿ ಉರಿದು, ಬಾಗಿಲ ಮೇಲಿನ ಐದು ನಕ್ಷತ್ರಗಳಲ್ಲಿ ಒಂದು ಆರಿಹೋಗುತ್ತದೆ. ಆ ಅವಮಾನಕ್ಕೆ ಅಂಜಿ ಅಲ್ಲಿ ಯಾರೂ ನೆಂಟರನ್ನು ಕರೆಯುವುದಿಲ್ಲ.

ಅಣ್ಣ ತೀರಿಕೊಂಡ ಸುದ್ದಿ ಕೇಳಿ ನೀಲಮ್ಮ ಶಹಾಬಾದಿನಿಂದ ಬಸ್ಸು ಹಿಡಿದು ಬಂದಾಗ ಸುಡುಮಧ್ಯಾಹ್ನ. ಒಳಗೆ ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಹೊರಗೆ ಮೂವತ್ತು ಮಂದಿ ಬೇವಿನ ನೆರಳಲ್ಲಿ ತಮ್ಮ ಸರದಿಗಾಗಿ ಕಾಯುತ್ತಿದ್ದರು.

ಅಣ್ಣನ ಮಗ ರೇವಣಸಿದ್ಧ ಬಾಗಿಲನ್ನು ಸ್ವಲ್ಪವೇ ತೆರೆದು ಹೇಳಿದ: "ಅತ್ತಿ, ನೀವೊಬ್ರೇ ಬರ್ರಿ. ಅಪ್ಪನ ಮೈ ತಣ್ಣಗ ಆಗ್ಯಾದಲ್ಲ, ಈ ಮನಿ ಅಪ್ಪನ್ನ ಈಗ ಎಣಸಂಗಿಲ್ಲ. ಒಬ್ಬರಿಗೆ ಜಾಗ ಆಗ್ಯಾದ."

ನೀಲಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಆ ಜಾಗ ನೀನೇ ಇಟ್ಕೋಪಾ," ಎಂದು ಮಂದಿಯ ಕಡೆ ತಿರುಗಿದಳು. "ಬರ್ರಿ, ನಮ್ಮಣ್ಣನ್ನ ಕುರ್ಚಿ ಸಮೇತ ಹೊರಗ ತರೋಣು."

ನಾಲ್ವರು ಗಂಡಸರು ಅವಳ ಹಿಂದೆ ನುಗ್ಗಿದರು. ಬೇವಿನ ಕೆಳಗೆ ಕೂರಿಸಿದ ಅಣ್ಣನ ಕೈ ಹಿಡಿದು ಅವಳು ಗಟ್ಟಿಯಾಗಿ ಅತ್ತಳು. ಮಂದಿಯೂ ಸುತ್ತ ಕೂತು ಅತ್ತರು. ರೇವಣಸಿದ್ಧ ಬಾಗಿಲನ್ನು ಎರಡು ಸಲ ಎಳೆದು ನೋಡಿ, ತಂಪು ಸೋರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ಅಪ್ಪನ ಹತ್ತಿರ ಬಂದ.